ಕೊಯ್ದ ಉಳ್ಳಾಗಡ್ಡಿಯ ಬುಡ

ನಮ್ಮ ಮನೆತನದವರು ಕಾಯಿಪಲ್ಯ ಕೊಂಡು ತಿಂದವರಲ್ಲ. ಇದನ್ನು ದೊಡ್ಡಸ್ತಿಕೆಗೆ ಹೇಳುತ್ತಿಲ್ಲ. ನಮಗಿದ್ದದ್ದು ಸ್ವಲ್ಪ ಎರೆಹೊಲ, ಸ್ವಲ್ಪ ಭತ್ತದ ಗದ್ದೆ, ಮನೆಯ ಹಿಂದೊಂದು ಹಿತ್ತಿಲು. ಹಳಿಯಾಳಕ್ಕೂ ಮುಂಡಗೋಡಕ್ಕೂ ನಡುವಿನ ಆ ಊರಲ್ಲಿ ನಮಗಿಂತ ಉಳ್ಳವರು ಬಹಳ ಮಂದಿ ಇದ್ದರು. ಆದರೆ ಒಕ್ಕಲುತನದ ಮನೆಯ ಹೆಂಗಸು ಸಂತೆಯಲ್ಲಿ ಕೈಚೀಲ ಹಿಡಿದು ಪಲ್ಯ ಕೊಳ್ಳಲು ನಿಂತಳೆಂದರೆ ಊರು ಅದಕ್ಕೆ ಒಂದೇ ಅರ್ಥ ಹಚ್ಚುತ್ತಿತ್ತು: ಆ ಮನೆಯ ಹೊಲ ಕೈಬಿಟ್ಟಿದೆ. ಉಪ್ಪು ಕೊಳ್ಳಬಹುದು, ಬೆಲ್ಲ ಕೊಳ್ಳಬಹುದು, ಅರಿವೆ ಕೊಳ್ಳಬಹುದು. ಬದನೆಕಾಯಿ ಕೊಳ್ಳಬಾರದು. ಬದನೆಕಾಯಿ ಕೊಂಡ ಮನೆಗೆ ಹೆಣ್ಣು ಕೇಳಲು ಬರುವವರೂ ಎರಡು ಸಲ ಯೋಚಿಸುತ್ತಿದ್ದರು.

ಈ ಕಟ್ಟಳೆಯನ್ನು ಕಾಯುತ್ತಿದ್ದವಳು ಅಪ್ಪನ ತಾಯಿ. ನಾವು ಅವಳನ್ನು ಆಯಿ ಎನ್ನುತ್ತಿದ್ದೆವು.

ಊರ ಶಾಲೆಯಲ್ಲಿ ಇದ್ದ ಇಯತ್ತೆಗಳೆಲ್ಲ ಮುಗಿದಾಗ ಮಾಸ್ತರರು ಅಪ್ಪನನ್ನು ಕರೆದು, ಹುಡುಗಿ ಚಲೋ ಓದುತ್ತಾಳೆ, ಹಳಿಯಾಳದ ಇಂಗ್ಲಿಷ್ ಶಾಲೆಗೆ ಹಾಕಿರಿ ಎಂದರು. ಅಪ್ಪ ಒಪ್ಪಿಕೊಂಡು ಮನೆಗೆ ಬಂದ. ಆಯಿ ಒಪ್ಪಲಿಲ್ಲ.

"ಸಾಲಿ ಕಲ್ತ ಮ್ಯಾಲೆ ರೊಟ್ಟಿ ಬಡಿಯೂದು ತಪ್ಪತೈತೇನು?" ಎಂದಳು.

"ತಪ್ಪೂದಿಲ್ಲವ್ವ. ಆದರ ಲೆಕ್ಕ ತಿಳೀತೈತಿ" ಎಂದ ಅಪ್ಪ.

"ರೊಟ್ಟಿ ಎಣಿಸಾಕ ನನಗೂ ಬರತೈತಿ."

ಈ ಮಾತು ಬಹಳ ದಿನ ನಡೆಯಿತು. ಕಡೆಗೆ ಆಯಿ ಒಂದು ಷರತ್ತಿನ ಮೇಲೆ ಬಗ್ಗಿದಳು. ನನ್ನ ಜೊತೆ ಅವ್ವ ಹಳಿಯಾಳದಲ್ಲಿ ಮನೆ ಮಾಡಬೇಕು. ಕಾಳು ಕಡಿ, ಖಾರ, ಉಳ್ಳಾಗಡ್ಡಿ ಚಕ್ಕಡಿಯಲ್ಲಿ ಬರುತ್ತದೆ. "ಆದರ ನಮ್ಮ ಮನಿ ಸೊಸಿ ಸಂತ್ಯಾಗ ನಿಂತಿದ್ಲು ಅಂತ ಒಬ್ಬರ ಬಾಯಾಗ ಕೇಳಿದ್ರೂ, ಅದ ಚಕ್ಕಡಿ ನಿಮ್ಮಿಬ್ಬರನ್ನೂ ಹೇರಿಕೊಂಡು ವಾಪಸ್ ಬರತೈತಿ." ನನ್ನ ಓದಿಗೆ ಇದ್ದ ಆಧಾರ ಈ ಷರತ್ತೊಂದೇ. ಆಯಿ ಹೇಳಿದ್ದನ್ನು ಮಾಡುವವಳು. ಅವ್ವನಿಗೂ ನನಗೂ ಅದರಲ್ಲಿ ಅನುಮಾನ ಇರಲಿಲ್ಲ.

ಹಳಿಯಾಳದಲ್ಲಿ ಸಿಕ್ಕಿದ್ದು ಇದ್ದಿಲು ಮತ್ತು ಕಟ್ಟಿಗೆ ವ್ಯಾಪಾರದ ಸಾಹೇಬರೊಬ್ಬರ ಮನೆಯ ಹಿಂದಿನ ಎರಡು ಖೋಲಿ. ಅದು ಯುದ್ಧದ ಕಾಲ. ಪೆಟ್ರೋಲು ಸಿಗದೆ ಮೋಟಾರುಗಳು ಇದ್ದಿಲ ಗ್ಯಾಸಿನ ಮೇಲೆ ಓಡುತ್ತಿದ್ದವು. ಸಾಹೇಬರ ಚಕ್ಕಡಿಗಳು ದಾಂಡೇಲಿ ಕಡೆಯಿಂದ ಬಿಡುವಿಲ್ಲದೆ ಬರುತ್ತಿದ್ದವು. ಚಕ್ಕಡಿ ಹೊಡೆಯುವವರೆಲ್ಲ ಅವರ ಮನೆಯಲ್ಲೇ ಉಣ್ಣುತ್ತಿದ್ದರು. ಸಾಹೇಬರ ಹೆಂಡತಿಯನ್ನು ಓಣಿಯ ಹುಡುಗರು ಖಾಲಾ ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ. ಅವಳು ದಿನಾ ಬೆಳಿಗ್ಗೆ ಜಗಲಿಯಲ್ಲಿ ಈಳಿಗೆಯ ಮುಂದೆ ಕುಳಿತು ಮೊರದ ತುಂಬ ಉಳ್ಳಾಗಡ್ಡಿ ಕೊಯ್ಯುತ್ತಿದ್ದಳು. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಮಾತು ನಿಲ್ಲುತ್ತಿರಲಿಲ್ಲ.

ಬೇಸಿಗೆಯಲ್ಲಿ ತೊಂದರೆ ಇರಲಿಲ್ಲ. ಅಪ್ಪ ಚಕ್ಕಡಿಯಲ್ಲಿ ಹಿತ್ತಿಲದ್ದನ್ನೆಲ್ಲ ತರುತ್ತಿದ್ದ. ಮಳೆ ಹಿಡಿದ ಮೇಲೆ ದಾರಿಯೆಲ್ಲ ರಾಡಿಯಾಗಿ ಚಕ್ಕಡಿಯ ಗಾಲಿ ಹೂತುಕೊಳ್ಳುತ್ತಿತ್ತು. ಕಾಳು, ಉಳ್ಳಾಗಡ್ಡಿ ಮೊದಲೇ ತಂದಿಟ್ಟುಕೊಳ್ಳಬಹುದು. ಸೊಪ್ಪು ತಪ್ಪಲವನ್ನು ತಂದಿಡಲು ಬರುವುದಿಲ್ಲ. ಮೊದಲನೆಯ ಮಳೆಗಾಲ ನಾವಿಬ್ಬರೂ ರೊಟ್ಟಿಗೆ ಹಚ್ಚಿಕೊಳ್ಳುವ ಹಿಂಡಿ, ಬೇಳೆ, ಒಣ ಮೆಣಸಿನಕಾಯಿ ಚಟ್ನಿಯ ಮೇಲೆ ಕಳೆದೆವು. ನನ್ನ ಬಾಯಿಯ ಮೂಲೆಗಳು ಒಡೆದು ಹುಣ್ಣಾದವು. ಸಂತೆ ನಮ್ಮ ಮನೆಯಿಂದ ಕೂಗಳತೆಯಲ್ಲಿತ್ತು. ಅಲ್ಲಿಂದ ಬರುವ ಮೆಂತ್ಯದ ವಾಸನೆ ಒಳಗೆ ಕುಳಿತರೂ ತಿಳಿಯುತ್ತಿತ್ತು. ಅವ್ವ ಸಂತೆಯ ದಿನ ಬೀದಿ ಬಾಗಿಲನ್ನೇ ತೆರೆಯುತ್ತಿರಲಿಲ್ಲ.

ಊರಲ್ಲಿ ಅಡಿಗೆಮನೆಯ ಸಿಪ್ಪೆ, ತೊಟ್ಟು, ಬುಡವೆಲ್ಲ ಎಮ್ಮೆಯ ಮುಸುರೆ ಬಾನಿಗೆ ಬೀಳುತ್ತಿತ್ತು. ಅದಕ್ಕೆ ನಮ್ಮಲ್ಲಿ ಕಸ ಎಂಬ ಹೆಸರೇ ಇರಲಿಲ್ಲ, ಎಮ್ಮೆಯ ಪಾಲು ಎಂದೇ ಲೆಕ್ಕ. ಹಳಿಯಾಳದಲ್ಲಿ ನಮಗೆ ಎಮ್ಮೆ ಇರಲಿಲ್ಲ. ಆದರೂ ಅವ್ವ ಕೈರೂಢಿಯಿಂದ ಉಳ್ಳಾಗಡ್ಡಿಯ ಬುಡ, ಮೂಲಂಗಿಯ ತಲೆಗಳನ್ನು ಹಿತ್ತಿಲ ಬಾಗಿಲಿನ ಹಳೆಯ ಗಡಿಗೆಯಲ್ಲಿ ಹಾಕುತ್ತಲೇ ಇದ್ದಳು. ತಿನ್ನುವವರಿಲ್ಲದೆ ಅದು ನಾರಲು ಹತ್ತಿತು. ಒಂದು ದಿನ ಚೆಲ್ಲಲೆಂದು ಗಡಿಗೆ ಬೋರಲು ಹಾಕಿದರೆ, ಉಳ್ಳಾಗಡ್ಡಿಯ ಬುಡಗಳಿಗೆ ಹಸಿರು ಮೊಳಕೆ ಬಂದಿತ್ತು. ಅವ್ವ ಅವುಗಳನ್ನು ಆರಿಸಿ, ಬಚ್ಚಲ ನೀರು ಹರಿಯುವ ಕಾಲುವೆಯ ದಂಡೆಗೆ ಒಂದೊಂದಾಗಿ ಹಚ್ಚಿದಳು. ದೊಡ್ಡದೊಂದು ಉಪಾಯ ಹೊಳೆಯಿತೆಂದು ಅಲ್ಲ, ಚೆಲ್ಲಲು ಮನಸ್ಸು ಬರಲಿಲ್ಲ, ಅಷ್ಟೇ.

ಅವು ಎದ್ದವು. ಗಡ್ಡೆ ಕಟ್ಟಲಿಲ್ಲ, ಆದರೆ ತಪ್ಪಲ ಬಂತು. ಕೊಯ್ದರೆ ಮತ್ತೆ ಬಂತು. ಮೊದಲ ಸಲ ಅದನ್ನು ಹಿಟ್ಟು ಹಚ್ಚಿ ಪಲ್ಯ ಮಾಡಿದ ದಿನ ನಾನು ಎಷ್ಟು ರೊಟ್ಟಿ ತಿಂದೆನೋ, ಅವ್ವ ಎರಡನೆಯ ಸಲ ಹಿಟ್ಟು ನಾದಬೇಕಾಯಿತು.

ಅಲ್ಲಿಂದ ಅವ್ವ ಈಳಿಗೆಯ ಮುಂದೆ ಕೂಡುವ ರೀತಿಯೇ ಬದಲಾಯಿತು. ಮೂಲಂಗಿಯ ತಲೆಯನ್ನು ಎರಡು ಬೆರಳಷ್ಟು ಬಿಟ್ಟು ಕೊಯ್ಯುವಳು. ಅದನ್ನು ಹುಗಿದರೆ ಹೊಸ ಗಡ್ಡೆ ಆಗುತ್ತಿರಲಿಲ್ಲ, ಎಲೆ ಬರುತ್ತಿತ್ತು, ಆಮೇಲೆ ಹೂವು, ಕಾಯಿ. ಆ ಎಳೆಕಾಯಿಯ ಪಲ್ಯ ಚಲೋ ಆಗುತ್ತಿತ್ತು. ಬಸಳೆಯ ಎಲೆ ಬಿಡಿಸಿ ಉಳಿದ ದಂಟನ್ನು ಬೇಲಿಗೆ ಚುಚ್ಚುವಳು. ಸೊರಗಿದ ಗೆಣಸಿನ ತುದಿ ಬಳ್ಳಿಯಾಯಿತು, ಅದರ ಎಲೆಯನ್ನೂ ಬೇಳೆಗೆ ಹಾಕಿದೆವು. ಮಳೆಗೆ ಬುಡ ಕೊಳೆಯದಂತೆ ಮಣ್ಣು ಏರಿಸಿ, ಒಲೆಯ ಬೂದಿ ಉದುರಿಸುವುದು ನನ್ನ ಕೆಲಸ. ಅಕ್ಕಿ ತೊಳೆದ ನೀರು ಹಾಕುವುದೂ ನನ್ನದೇ. ಮೆಂತ್ಯ ಬರಲಿಲ್ಲ. ರಾಜಗಿರಿಯ ಬೇರು ನಾಲ್ಕು ದಿನ ಚಿಗುರಿದಂತೆ ಮಾಡಿ ಸತ್ತಿತು. ಎಲ್ಲವೂ ಏಳುತ್ತದೆ ಎಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ.

ಒಂದು ಸಲ ಖಾಲಾ ಒಂದು ಸೂರಣಗಡ್ಡೆ ಕೊಟ್ಟಳು. ಅವಳ ತವರು ದಾಂಡೇಲಿ. ಜೋಯಿಡಾ ಕಾಡಿನ ಗಡ್ಡೆಗಳೆಲ್ಲ ಅವಳಿಗೆ ಪರಿಚಯ. ನಮ್ಮ ಎರೆಹೊಲದ ಸೀಮೆಯಲ್ಲಿ ಸೂರಣ ಬೆಳೆಯುವವರಿಲ್ಲ. ಅವ್ವ ಉಳ್ಳಾಗಡ್ಡಿಯ ಲೆಕ್ಕವನ್ನೇ ಅದಕ್ಕೂ ಹಚ್ಚಿ, ಮೇಲಿನ ಕಣ್ಣಿರುವ ಭಾಗವನ್ನು ಬೇಯಿಸಿ, ತಳವನ್ನು ಹುಗಿದಳು. ತಿಂದ ನಮ್ಮ ಗಂಟಲು ತುರಿಸಿತು. ಹುಗಿದದ್ದು ಮಣ್ಣಲ್ಲೇ ಕೊಳೆಯಿತು. ಖಾಲಾ ಎರಡೂ ಹಿತ್ತಿಲ ನಡುವಿನ ಗೋಡೆಯ ಮೇಲಿಂದ ನೋಡಿ ಬಿದ್ದು ಬಿದ್ದು ನಕ್ಕಳು.

"ಯಾ ಅಲ್ಲಾ! ತಲೀ ತಿಂದು ಕಾಲ ಹುಗದೀಯಲ್ಲವ್ವಾ, ಎದ್ದು ಹೆಂಗ ನಿಲ್ಲತೈತಿ ಅದು?"

"ಉಳ್ಳಾಗಡ್ಡಿ ನಿಂತಿತಲ್ಲ ಮತ್ತ?" ಎಂದಳು ಅವ್ವ ಸಿಟ್ಟಿನಿಂದ.

"ಉಳ್ಳಾಗಡ್ಡಿ ನಿಮ್ಮಂಥಾದ್ದು, ಕಾಲ ಊರಿ ನಿಲ್ಲತೈತಿ. ಇದು ನಮ್ಮ ಕಾಡಿಂದು, ತಲೀ ಮ್ಯಾಲೆ ನಡೀತೈತಿ."

ಮರುದಿನದಿಂದ ಖಾಲಾ ತನ್ನ ಮೊರದಲ್ಲಿ ಉಳಿದ ಉಳ್ಳಾಗಡ್ಡಿಯ ಬುಡಗಳನ್ನು ಗೋಡೆಯ ಮೇಲೆ ಇಡತೊಡಗಿದಳು. ಅವರ ಮನೆಯಲ್ಲಿ ಒಂದು ದಿನಕ್ಕೆ ಆಗುವ ಬುಡ ನಮ್ಮಲ್ಲಿ ಒಂದು ತಿಂಗಳಿಗೂ ಆಗುತ್ತಿರಲಿಲ್ಲ. ಅವ್ವ ಮೊದಲು ಅನುಮಾನಿಸಿದಳು. ನಾವು ಲಿಂಗ ಕಟ್ಟಿದವರು. ಅವರದು ಮಾಂಸ ಬೇಯಿಸುವ ಮನೆ, ಅದೇ ಈಳಿಗೆ, ಅದೇ ಮೊರ. ಬುಡಗಳು ಗೋಡೆಯ ಮೇಲೆ ಎರಡು ದಿನ ಹಾಗೇ ಇದ್ದವು. ಮೂರನೆಯ ದಿನ ಅವ್ವ ಅವುಗಳ ಮೇಲೆ ನೀರು ಹೊಯ್ದು ಕೆಳಗಿಳಿಸಿದಳು. ನನಗೆ, "ಊರಾಗ ಹೇಳಬ್ಯಾಡ" ಎಂದಳು. ನಾನು ಹೇಳಲಿಲ್ಲ. ಹೇಳಿದರೆ ಯಾರ ಓದು ನಿಲ್ಲುತ್ತದೆಂದು ನನಗೆ ತಿಳಿಯದ್ದೇನಲ್ಲ.

ಬರಬರುತ್ತ ಹಿತ್ತಿಲ ಕಾಲುವೆಯ ಎರಡೂ ದಂಡೆ ಹಸಿರಾದವು. ಎರಡನೆಯ ವರ್ಷ ಕಾರಹುಣ್ಣಿಮೆಗೆ ಊರಿಗೆ ಹೋಗುವಾಗ ಅವ್ವ ಒಂದು ದೊಡ್ಡ ಸಿವುಡು ಉಳ್ಳಾಗಡ್ಡಿ ತಪ್ಪಲ ಕೊಯ್ದು ಒಯ್ದಳು. ಆ ವರ್ಷ ಮಳೆ ತಡವಾಗಿ ಊರ ಹಿತ್ತಿಲುಗಳೆಲ್ಲ ಬಿಸಿಲಿಗೆ ಬರಿದಾಗಿದ್ದವು. ಆಯಿ ಸಿವುಡನ್ನು ಮೂಸಿ ನೋಡಿ, ಓಣಿಯ ಹೆಂಗಸರನ್ನೆಲ್ಲ ಕರೆದಳು.

"ನೋಡ್ರೆವ್ವಾ, ಪ್ಯಾಟ್ಯಾಗ ಇಟ್ಟರೂ ಒಕ್ಕಲಗಿತ್ತಿ ಒಕ್ಕಲಗಿತ್ತೀನ. ಎರಡ ಖೋಲಿ ಮನಿ, ಹಿತ್ತಲಾ ಮಾಡ್ಯಾಳ ನನ್ನ ಸೊಸಿ! ನಿಮ್ಮ ಸೊಸೆಂದ್ರು ಬಾಂವಿ ದಂಡ್ಯಾಗ ಕುಂತೂ ಬರೇ ಬಾಯಿ ಬೆಳಸ್ತಾರ."

ಎಲ್ಲರಿಗೂ ಒಂದೊಂದು ಹಿಡಿ ಹಂಚಿದಳು. ಹಬ್ಬದ ಊಟಕ್ಕೆ ಬಂದ ಮಠದ ಅಯ್ಯನವರಿಗೆ ತಾನೇ ನಿಂತು ಬಡಿಸಿದಳು. ಅಯ್ಯನವರು ಎರಡು ಸಲ ಹಾಕಿಸಿಕೊಂಡರು. ಅವ್ವ ಒಲೆಯ ಮುಂದಿನಿಂದ ಎದ್ದು ಹೊರಗೆ ಬರಲೇ ಇಲ್ಲ.

ಅದೇ ವರ್ಷ ಶ್ರಾವಣದ ಒಂದು ಸೋಮವಾರ ಆಯಿ ಹೇಳದೆ ಕೇಳದೆ ಬಂದಳು. ಚಕ್ಕಡಿ ಬರುವ ಹಾಗಿರಲಿಲ್ಲ, ಮೋಟಾರಿನಲ್ಲಿ ಬಂದಿದ್ದಳು. ಸೀರೆಯೆಲ್ಲ ಇದ್ದಿಲ ಹೊಗೆಯ ವಾಸನೆ. ಸೋಮವಾರ ಅವಳದು ಒಪ್ಪತ್ತು, ಸಂಜೆ ಲಿಂಗಪೂಜೆಯಾದ ಮೇಲೇ ಊಟ. ನಾನು ಶಾಲೆಯಿಂದ ಬಂದಾಗ ಅವ್ವ ಅಡಿಗೆಗೆ ಹತ್ತಿದ್ದಳು. ಆಯಿ ಹಿತ್ತಿಲಲ್ಲಿ ನಿಂತಿದ್ದಳು. ಊರವರಿಗೆಲ್ಲ ಹೇಳಿಕೊಂಡು ತಿರುಗಿದ ಹಿತ್ತಿಲನ್ನು ಕಣ್ಣಾರೆ ನೋಡಲೆಂದೇ ಬಂದದ್ದು.

ಹೊಲದ ಬದುವಿನ ಮೇಲೆ ನಡೆಯುವಂತೆ ಕಾಲುವೆಯ ದಂಡೆಯ ಮೇಲೆ ನಡೆದಳು. ಬಗ್ಗಿ ಒಂದು ಉಳ್ಳಾಗಡ್ಡಿಯನ್ನು ಕಿತ್ತು, ಮಣ್ಣು ಜಾಡಿಸಿ, ತಿರುಗಿಸಿ ನೋಡಿದಳು. ಬೇರಿನ ಮೇಲೆ ಈಳಿಗೆಯ ಸಪಾಟಾದ ಗುರುತು ಇನ್ನೂ ಇತ್ತು. ಇನ್ನೊಂದನ್ನು ಕಿತ್ತಳು. ಮತ್ತೊಂದನ್ನು ಕಿತ್ತಳು. ಆಮೇಲೆ ಅವ್ವನನ್ನು ಕರೆದಳು.

"ಇವು ಬೀಜದ್ದಲ್ಲ, ಸಸಿದ್ದಲ್ಲ. ಕೊಯ್ದ ಉಳ್ಳಾಗಡ್ಡಿ."

"ಹೂಂನ್ರಿ ಅತ್ತಿ. ಬುಡಾ ಚೆಲ್ಲೂದು ಬ್ಯಾಡಂತ ಹಚ್ಚೇನಿ."

"ಚಲೋ ಮಾಡೀದಿ. ಆದರ ಇಷ್ಟು ಬುಡಾ ಎಲ್ಲಿಂದ ಬಂದ್ವು? ನಾ ಕಳಸಿದ್ದು ಒಂದ ಚೀಲ. ನೀವು ತಿನ್ನೂ ಮಂದಿ ಇಬ್ಬರ."

ಅವ್ವ ಸೆರಗಿಗೆ ಕೈ ಒರೆಸಿಕೊಂಡಳು.

"ಸಂತಿಗೆ ಹೋಗೀದಿ" ಎಂದಳು ಆಯಿ. ದನಿ ಎತ್ತರಿಸಲಿಲ್ಲ. "ಕೊಂಡೀದಿ. ಕೊಂಡು ತಿಂದು ಅದರ ಬುಡಾ ಹಚ್ಚಿ, ಹಿತ್ತಲಾ ಅಂತ ನನಗ ತೋರಸ್ತಿ."

"ನಾ ಸಂತಿಗೆ ಕಾಲ ಇಟ್ಟಿಲ್ಲರಿ."

"ಹಂಗಾರ ಎಲ್ಲಿವು ಹೇಳು."

ಅವ್ವ ನನ್ನ ಮುಖ ನೋಡಿದಳು. ಸಂತೆಯದು ಎಂದರೆ ಚಕ್ಕಡಿ ಬರುತ್ತದೆ. ಗೋಡೆಯಾಚೆಯದು ಎಂದರೂ ಚಕ್ಕಡಿ ಬರುತ್ತದೆ, ಅದರ ಮೇಲೆ ಊರ ಬಾಯಿಗೂ ಬೀಳಬೇಕು. ನನ್ನ ಕೈಯಲ್ಲಿ ಇನ್ನೂ ಪಾಟಿಚೀಲ ಇತ್ತು. ಅದನ್ನು ಒಳಗೆ ಇಡಬೇಕೋ ಬೇಡವೋ ತಿಳಿಯದೆ ನಿಂತೆ.

ಉತ್ತರ ಬಂದದ್ದು ಗೋಡೆಯ ಮೇಲಿಂದ. ಖಾಲಾ ತಲೆಯ ಮೇಲೆ ಸೆರಗು ಎಳೆದುಕೊಂಡು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಅಮ್ಮಾ, ಆಕಿನ ಬೈಬ್ಯಾಡ್ರಿ. ಸಂತಿಗೆ ಹೋದಾಕಿನೂ ನಾನ, ಕೊಂಡಾಕಿನೂ ನಾನ, ಕೊಯ್ದಾಕಿನೂ ನಾನ. ಬುಡಾ ಅಷ್ಟ ಆಕಿದು."

ಆಯಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಎದಕ್ಕ ಕೊಯ್ದಿದ್ದಿ?"

"ಸಾರಿಗೆ ರೀ."

"ಎಂಥಾ ಸಾರು?"

"ಅದನ್ನ ಕೇಳಬ್ಯಾಡ್ರಿ ಅಮ್ಮಾ, ನಿಮ್ಮದು ಶ್ರಾವಣ ಐತಿ."

ಆಯಿ ಕೈಯಲ್ಲಿದ್ದ ಉಳ್ಳಾಗಡ್ಡಿಗಳನ್ನು ಕೆಳಗೆ ಹಾಕಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತಳು. ಒಳಗೆ ಅನ್ನ ಉಕ್ಕುತ್ತಿತ್ತು. ಅವ್ವ ಹೋಗಲಿಲ್ಲ.

"ಕಾರಹುಣ್ಣಿವಿಗೆ ತಂದಿದ್ಯಲ್ಲ," ಎಂದಳು ಆಯಿ, "ಆ ತಪ್ಪಲ?"

"ಅದೂ ಇದರದ ರೀ."

"ಅಯ್ಯನವರಿಗೆ ಬಡಿಸಿದ್ದು?"

"ಅದೂ..."

"ಸಾಕು."

ಆಯಿ ಓದು ಬರಹ ಬಲ್ಲವಳಲ್ಲ. ಆದರೆ ಆ ಕಲ್ಲಿನ ಮೇಲೆ ಕುಳಿತು ಅವಳು ಹಾಕಿದ ಲೆಕ್ಕ ಏನಿರಬೇಕೆಂದು ಆಗಲೇ ನನಗೆ ಅರ್ಧ ತಿಳಿಯಿತು. ನಮ್ಮನ್ನು ಊರಿಗೆ ಕರೆಸಿಕೊಂಡರೆ ಓಣಿ ಯಾಕೆಂದು ಕೇಳುತ್ತದೆ. ಸೊಸೆ ಕೊಂಡು ತಿಂದಳು ಎಂದರೆ ಮನೆಯ ಹೆಸರು ಹೋಗುತ್ತದೆ. ನಿಜ ಹೇಳಿದರೆ, ತಾನೇ ಕರೆದು ಕರೆದು ಹಂಚಿದ ಹಿಡಿ ಹಿಡಿ ತಪ್ಪಲ ಓಣಿಯ ಎಲ್ಲ ಹೊಟ್ಟೆಗಳಲ್ಲೂ ಇದೆ, ಅಯ್ಯನವರ ಹೊಟ್ಟೆಯಲ್ಲಿ ಎರಡು ಪಾಲು. ಅವ್ವನನ್ನು ಅಷ್ಟು ಹೊಗಳದೆ ಇದ್ದಿದ್ದರೆ ನಾನು ಆ ವಾರವೇ ಊರಿಗೆ ಹೋಗಿ ರೊಟ್ಟಿ ಬಡಿಯುತ್ತಿದ್ದೆ.

ಆಯಿ ಎದ್ದು ಗೋಡೆಯ ಹತ್ತಿರ ಹೋದಳು.

"ನೋಡು ತಂಗಿ. ಸುಗ್ಗಿ ಆದ ಮ್ಯಾಲೆ ನಮ್ಮ ಹೊಲದ ಉಳ್ಳಾಗಡ್ಡಿ ನಿನ್ನ ಮನಿಗೆ ಕಳಸ್ತೇನಿ. ಎಷ್ಟ ಬೇಕು ಅಷ್ಟು. ನೀ ಅದನ್ನ ಕೊಯ್ದು ನಿನ್ನ ಸಾರಿಗೆ ಹಾಕ್ಕೊ. ಬುಡಾ ನಮಗ ಕೊಡು. ಬುಡಾ ನಮ್ಮ ಹೊಲದ್ದು, ನಮ್ಮವ."

"ಮತ್ತ ನಡುವಿಂದು ಅಮ್ಮಾ?"

"ನಡುವಿಂದು ನಿಂದು. ಅದನ್ನ ನಾವು ಕೇಳೂದಿಲ್ಲ, ನೀ ಹೇಳೂದು ಬ್ಯಾಡ."

"ಈ ವ್ಯಾಪಾರ ನಮ್ಮ ಯಜಮಾನ್ರಿಗೂ ತಿಳಿಯೂದಿಲ್ಲ ಬಿಡ್ರಿ" ಎಂದಳು ಖಾಲಾ.

"ಇನ್ನೊಂದು. ಉಳ್ಳಾಗಡ್ಡಿಗೆ ಬ್ಯಾರೆ ಈಳಗಿ ಇಡು. ಒಲಿ ಹೊತ್ತಸೂಕಿಂತ ಮೊದಲ ಕೊಯ್ದು ಬಿಡು."

"ಇಡ್ತೇನಿ ರೀ."

ಖಾಲಾ ಬೇರೆ ಈಳಿಗೆ ಇಟ್ಟಳೋ ಇಲ್ಲವೋ ನಾವು ಗೋಡೆಯಾಚೆ ಇಣುಕಲಿಲ್ಲ. ಆಯಿ ಮಾತ್ರ ಹೇಳಿದಂತೆ ನಡೆದಳು. ಮುಂದೆ ಪ್ರತಿ ವರ್ಷ ನಮ್ಮ ಚಕ್ಕಡಿ ಮೊದಲು ಸಾಹೇಬರ ಬಾಗಿಲಲ್ಲಿ ನಿಂತು, ಅಲ್ಲಿ ಚೀಲ ಇಳಿಸಿ, ಆಮೇಲೆ ನಮ್ಮ ಕಡೆ ತಿರುಗುತ್ತಿತ್ತು. ಸಾಹೇಬರು ಇದಕ್ಕೆ ಬದಲಾಗಿ ಇದ್ದಿಲು ಕಳಿಸಿದರೆ ಅಪ್ಪ ತೆಗೆದುಕೊಂಡ. ಅದನ್ನು ಕೊಂಡದ್ದು ಎಂದು ಯಾರೂ ಅನ್ನಲಿಲ್ಲ.

ಜಾತಿ ದೊಡ್ಡದೋ ಮಣ್ಣು ದೊಡ್ಡದೋ ಎಂದು ಆಯಿ ಅವತ್ತು ವಿಚಾರ ಮಾಡಿದಳೆಂದು ನಾನು ಹೇಳುವುದಿಲ್ಲ. ಅವಳಿಗೆ ಅಂಥ ವಿಚಾರ ಇರಲಿಲ್ಲ. ಮನೆಯ ಹೆಸರು ಉಳಿಯಬೇಕಿತ್ತು, ಅದಕ್ಕೊಂದು ದಾರಿ ಬೇಕಿತ್ತು, ಹುಡುಕಿಕೊಂಡಳು. ಆ ದಾರಿಯಲ್ಲಿ ನನಗೂ ಹೋಗಲು ಸಾಧ್ಯವಾಯಿತು. ನಾನು ಮೆಟ್ರಿಕ್ ಮುಗಿಸಿದೆ, ಧಾರವಾಡಕ್ಕೆ ಹೋಗಿ ಬಿ.ಎ. ಮುಗಿಸಿದೆ. ನಮ್ಮ ಮನೆತನದಲ್ಲಿ ಗಂಡಸರನ್ನೂ ಹಿಡಿದು ನಾನೇ ಮೊದಲ ಪದವೀಧರೆ. ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ; ಪುಕ್ಕಟೆ ಬಂದದ್ದಲ್ಲ. ಕಾಲೇಜಿನಲ್ಲಿ ಜೊತೆಯ ಹುಡುಗಿಯರು ತಮ್ಮ ತಂದೆಯವರು ವಕೀಲರು, ಮಾಮಲೇದಾರರು ಎನ್ನುತ್ತಿದ್ದರು. ನಾನು ಒಕ್ಕಲುತನದವನ ಮಗಳು ಎನ್ನುತ್ತಿದ್ದೆ. ಉಳ್ಳಾಗಡ್ಡಿಯ ವಿಷಯ ಹೇಳುತ್ತಿರಲಿಲ್ಲ, ಹೇಳಿದರೂ ಅವರಿಗೆ ತಿಳಿಯುತ್ತಿರಲಿಲ್ಲ.

ಆ ಸೋಮವಾರ ಸಂಜೆ ಆಯಿ ಅನ್ನ, ಬೇಳೆ, ಬಸಳೆಯ ಪಲ್ಯ ಉಂಡಳು. ಉಳ್ಳಾಗಡ್ಡಿ ತಪ್ಪಲವನ್ನು ಅವ್ವ ಬಡಿಸಲಿಲ್ಲ, ಅವಳೂ ಕೇಳಲಿಲ್ಲ. ಮರುದಿನ ಮುಂಜಾನೆ ಮೋಟಾರಿಗೆ ಹೊರಡುವ ಮೊದಲು ಅವಳು ಹಿತ್ತಿಲಿಗೆ ಹೋಗಿ, ನಾಲ್ಕು ಎಳೆ ತಪ್ಪಲ ತಾನೇ ಕಿತ್ತು, ಬಾನಿಯ ನೀರಲ್ಲಿ ತೊಳೆದುಕೊಂಡು ಬಂದಳು. ಬಿಸಿ ರೊಟ್ಟಿಗೆ ಎಣ್ಣೆ ಖಾರ ಹಚ್ಚಿಸಿಕೊಂಡು, ಹಸಿ ತಪ್ಪಲವನ್ನು ಕರಕರ ಕಡಿದು ತಿಂದಳು. ಅವ್ವ ಹೆಂಚಿನ ಮುಂದೆ ಕುಳಿತಿದ್ದಳು. ನಾನು ಬಾಗಿಲಲ್ಲಿ ನಿಂತಿದ್ದೆ.

"ಖಾರ ಸಾಲದು," ಎಂದಳು ಆಯಿ. "ನಮ್ಮ ಹೊಲದ್ದು ಬರಲಿ, ಆವಾಗ ನೋಡು."

ಆಮೇಲೆ ನನ್ನ ಕಡೆ ತಿರುಗಿದಳು.

"ಸಾಲಿ ಹೊತ್ತಾತು. ಇನ್ನೂ ಯಾಕ ನಿಂತಿ?"

ನಾನು ಪಾಟಿಚೀಲ ತೆಗೆದುಕೊಂಡು ಹೋದೆ.